ಹಂಪ್ಟಾ ಪಾಸ್ ಪ್ಯಾಕೇಜ್: ಬೆಲೆಗಿಂತ ಮೊದಲು ತಾರೀಖು ನೋಡಿ

ಹಿಮಾಚಲದ ಮನಾಲಿಯಿಂದ ಕರೆದೊಯ್ದು, ಹಂಪ್ಟಾ ಪಾಸ್ (ಎರಡು ಕಣಿವೆಗಳ ನಡುವಿನ ಎತ್ತರದ ಬೆಟ್ಟದಾರಿ) ದಾಟಿಸಿ, ಚಂದ್ರತಾಲ್ ಸರೋವರ ತೋರಿಸಿ ವಾಪಸ್ ಬಿಡುವ ಐದು ದಿನಗಳ ಪ್ಯಾಕೇಜುಗಳು ಜೂನ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೂ ಸಿಗುತ್ತವೆ. ಎಲ್ಲ ಬ್ಯಾಚಿಗೂ ದಾರಿ ಒಂದೇ, ಜಾಹೀರಾತಿನ ಫೋಟೋಗಳೂ ಅವೇ. ಜೂನ್ 20ಕ್ಕೆ ಹೊರಟವರಿಗೂ ಸೆಪ್ಟೆಂಬರ್ 10ಕ್ಕೆ ಹೊರಟವರಿಗೂ ಸಿಗುವ ಚಾರಣ ಮಾತ್ರ ಒಂದೇ ಅಲ್ಲ. ಮೊದಲ ಸಲ ಹೋಗುವವರಿಗೆ ನಮ್ಮ ಆಯ್ಕೆ ಸೆಪ್ಟೆಂಬರ್ 5ರಿಂದ 20ರೊಳಗಿನ ಬ್ಯಾಚ್. ಹಿಮದ ಮೇಲೆ ನಡೆಯಲೇಬೇಕು ಅನ್ನುವವರು ಜೂನ್ ದ್ವಿತೀಯಾರ್ಧ ಹಿಡಿಯಲಿ.

ಪಾಸ್ ಇರುವುದು ಪೀರ್ ಪಂಜಾಲ್ ಶ್ರೇಣಿಯಲ್ಲಿ, ಸುಮಾರು 4,270 ಮೀಟರ್ ಎತ್ತರದಲ್ಲಿ. ಈಚೆ ಕುಲ್ಲು ಕಣಿವೆ, ಆಚೆ ಲಾಹೌಲ್. ಮುಂಗಾರಿನ ಮೋಡ ಕುಲ್ಲು ಕಡೆಯೇ ಹೆಚ್ಚು ಸುರಿದು ಬಿಡುವುದರಿಂದ ಆಚೆ ಬದಿ ಬಹುಮಟ್ಟಿಗೆ ಒಣ. ಮಳೆಯ ತಿಂಗಳಲ್ಲೂ ಈ ಚಾರಣ ಮಾರಾಟವಾಗುವುದು ಈ ಒಣ ಬದಿಯ ಹೆಸರಿನಲ್ಲಿ. ಆದರೆ ಪಾಸ್ ತಲುಪುವವರೆಗಿನ ನಡಿಗೆಯೆಲ್ಲ ಒದ್ದೆ ಬದಿಯಲ್ಲೇ ಇದೆ.

ಜೂನ್‌ನಲ್ಲಿ ಬಂಡೆ, ತೊರೆ ಎಲ್ಲ ಹಿಮದಡಿ ಮುಚ್ಚಿರುವುದರಿಂದ ದಾರಿ ಒಂದು ಲೆಕ್ಕದಲ್ಲಿ ಸಲೀಸು. ತೊಂದರೆ ಬಿಸಿಲೇರಿದ ಮೇಲೆ. ಬೆಳಗಿನ ಜಾವ ಗಟ್ಟಿಯಿದ್ದ ಹಿಮ ಹತ್ತು ಗಂಟೆ ದಾಟುತ್ತಿದ್ದಂತೆ ಮೆತ್ತಗಾಗಿ ಕಾಲು ಮೊಣಕಾಲಿನವರೆಗೆ ಹೂಳುತ್ತದೆ, ತೊರೆಯ ಮೇಲಿನ ಹಿಮಸೇತುವೆಗಳೂ ಸಡಿಲಾಗುತ್ತವೆ. ಹಾಗಾಗಿ ಪಾಸ್ ಏರುವ ಮುಂಚಿನ ಬಾಲು ಕಾ ಘೇರಾ ಕ್ಯಾಂಪನ್ನು ಬೆಳಿಗ್ಗೆ ಐದಕ್ಕೇ ಬಿಡುವ ತಂಡವನ್ನೇ ಆರಿಸಿ. ಪಾಸಿನಿಂದ ಆಚೆ ಬದಿಯ ಕ್ಯಾಂಪಾದ ಸಿಯಾಗೋರುವಿಗೆ ಇಳಿಯುವ ಇಳಿಜಾರು ಕಡಿದು. ಮೈಕ್ರೋಸ್ಪೈಕ್ (ಹಿಮದಲ್ಲಿ ಜಾರದಂತೆ ಬೂಟಿಗೆ ತೊಡಿಸುವ ಮುಳ್ಳು) ಮತ್ತು ಗೇಟರ್ (ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಕಟ್ಟುವ ಹೊದಿಕೆ) ಅವರೇ ಕೊಡುತ್ತಾರೋ, ಬಾಡಿಗೆಗೋ, ಮೊದಲೇ ಕೇಳಿಕೊಳ್ಳಿ. ಇನ್ನೊಂದು ವಿಷಯವನ್ನು ಜಾಹೀರಾತಿನಲ್ಲಿ ಸಣ್ಣಕ್ಷರದಲ್ಲಿ ಹಾಕಿರುತ್ತಾರೆ: ಚಂದ್ರತಾಲ್ ರಸ್ತೆಯ ಹಿಮ ತೆರವಾಗದಿದ್ದರೆ ಸರೋವರ ಇಲ್ಲ. ರಸ್ತೆ ಯಾವ ದಿನ ತೆರೆಯುತ್ತದೆಂದು ಯಾವ ಕಂಪನಿಯೂ ಭರವಸೆ ಕೊಡಲಾರದು. ಕೊಟ್ಟರೆ ಅನುಮಾನಿಸಿ.

ಜುಲೈ ಎರಡನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗಿನ ಬ್ಯಾಚುಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಬಾಲು ಕಾ ಘೇರಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ಜ್ವಾರಾ ಸುತ್ತಿನ ಹುಲ್ಲುಗಾವಲಲ್ಲಿ ಹೂವು ತುಂಬಿರುವ ಕಾಲ ಇದೇ, ನಿಜ. ಆದರೆ ತೊರೆಗಳಿಗೆ ಕರಗಿದ ಹಿಮದ ನೀರಿನ ಜೊತೆ ಮಳೆನೀರೂ ಸೇರುತ್ತದೆ. ಹಿಮದ ನೀರು ಬೆಳಿಗ್ಗೆ ಇಳಿದಿದ್ದು ಮಧ್ಯಾಹ್ನದ ಮೇಲೆ ಏರುತ್ತದೆ. ಬೆಳಿಗ್ಗೆ ಮೀನಖಂಡದ ಮಟ್ಟಕ್ಕಿದ್ದ ತೊರೆ ಸಂಜೆಗೆ ತೊಡೆಯವರೆಗೆ ಬರಬಹುದು. ಸಿಯಾಗೋರುವಿನ ತೊರೆ ದಾಟುವುದನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳುವ ಗೈಡ್ ತನ್ನ ಕೆಲಸ ಬಲ್ಲವನು. ರಸ್ತೆಯ ಪಾಡು ಇದಕ್ಕಿಂತ ಕೆಟ್ಟದ್ದು. 2023ರ ಜುಲೈ ಮಳೆ-ಹಿಮದಲ್ಲಿ ಚಂದ್ರತಾಲ್ ಕ್ಯಾಂಪಿನಲ್ಲಿ ಸುಮಾರು ಮುನ್ನೂರು ಜನ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಅದು ಒಣ ಬದಿಯೇ ಎಂಬುದನ್ನು ಗಮನಿಸಿ.

ಸೆಪ್ಟೆಂಬರ್‌ನಲ್ಲಿ ಮಳೆ ಇಳಿಮುಖ, ತೊರೆಗಳೂ ಇಳಿದಿರುತ್ತವೆ, ಪಾಸಿನ ಮೇಲೆ ನೋಟ ಶುಭ್ರ. ಹುಲ್ಲು ಕಂದಿರುತ್ತದೆ, ಹಿಮ ಹೆಚ್ಚೇನೂ ಉಳಿದಿರುವುದಿಲ್ಲ. ಇಳಿಜಾರಿನಲ್ಲಿ ಹಿಮದ ಬದಲು ಸಡಿಲ ಜಲ್ಲಿ ಇರುವುದರಿಂದ ಮಂಡಿನೋವಿರುವವರಿಗೆ ಎರಡು ಊರುಗೋಲು ಕಡ್ಡಾಯ. ಇಪ್ಪತ್ತರ ಆಚೆ ಹೋಗಬೇಡಿ ಅನ್ನುವುದಕ್ಕೆ ಕಾರಣವಿದೆ: 2018ರ ಸೆಪ್ಟೆಂಬರ್ ಕೊನೆಯಲ್ಲಿ ಅಕಾಲಿಕವಾಗಿ ಭಾರಿ ಹಿಮ ಬಿದ್ದು ಲಾಹೌಲ್-ಸ್ಪಿತಿಯಲ್ಲಿ ಚಾರಣಿಗರು ಸಿಲುಕಿದ್ದರು. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯಬಹುದು. ಸ್ಲೀಪಿಂಗ್ ಬ್ಯಾಗ್ ಮೈನಸ್ ಹತ್ತು ಡಿಗ್ರಿಯದ್ದು ಎಂದರೆ ಅದು ಕಂಫರ್ಟ್ ಮಟ್ಟವೋ ಎಕ್ಸ್‌ಟ್ರೀಮ್ ಮಟ್ಟವೋ ಕೇಳಿ. ಎರಡನೆಯದರಲ್ಲಿ ಜೀವ ಉಳಿಯಬಹುದು, ನಿದ್ದೆ ಬರುವುದಿಲ್ಲ. ಅಕ್ಟೋಬರ್ ಬ್ಯಾಚು ಅನುಭವಿಗಳಿಗೆ ಮಾತ್ರ.

ತಿಂಗಳು ಯಾವುದೇ ಇರಲಿ, ಈ ಐದು ದಿನದ ಯೋಜನೆಯಲ್ಲೇ ಒಂದು ದೋಷವಿದೆ. ಮನಾಲಿ ಸುಮಾರು 2,050 ಮೀಟರ್. ಮೊದಲ ರಾತ್ರಿ ಚೀಕಾದಲ್ಲಿ, 3,100ರ ಆಸುಪಾಸು. ಎರಡನೆಯದು ಬಾಲು ಕಾ ಘೇರಾದಲ್ಲಿ, 3,600. ಮಾರನೆಯ ದಿನ ಪಾಸ್ ದಾಟಿ ಸಿಯಾಗೋರುವಿನಲ್ಲಿ, 3,900. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬ ನಿಯಮವನ್ನು ಇದು ಲೆಕ್ಕದಲ್ಲಿ ಪಾಲಿಸುತ್ತದೆ, ಆದರೆ ಮೊದಲ ದಿನದ ಸಾವಿರ ಮೀಟರ್ ಜಿಗಿತವೇ ಹಲವರಿಗೆ ತಲೆನೋವು ತರುತ್ತದೆ. ರಾತ್ರಿ ಬಸ್ಸಿಳಿದು ನೇರ ನಡಿಗೆಗೆ ಹೊರಡಬೇಡಿ, ಮನಾಲಿಯಲ್ಲಿ ಕನಿಷ್ಠ ಒಂದು ರಾತ್ರಿ ಕಳೆಯಿರಿ. ಎತ್ತರದ ಕಾಯಿಲೆ ತಡೆಯಲು ನುಂಗುವ ಅಸಿಟಜೋಲಮೈಡ್ ಮಾತ್ರೆ ಬೇಕೋ ಬೇಡವೋ ವೈದ್ಯರನ್ನು ಕೇಳಿಯೇ ತೀರ್ಮಾನಿಸಿ.

ಬಾಲು ಕಾ ಘೇರಾದಲ್ಲಿ ತಲೆನೋವಿನ ಜೊತೆ ವಾಂತಿ ಶುರುವಾದರೆ, ನಡಿಗೆ ತೂರಾಡಿದರೆ, ಪಾಸ್ ಕಡೆ ಹೆಜ್ಜೆ ಇಡಬಾರದು. ಆಚೆಯ ಕ್ಯಾಂಪು ಈಚೆಯದಕ್ಕಿಂತ ಎತ್ತರದಲ್ಲಿರುವುದರಿಂದ ದಾಟಿದರೂ ಪರಿಹಾರ ಸಿಗುವುದಿಲ್ಲ, ಬಂದ ದಾರಿಯಲ್ಲೇ ಇಳಿಯಬೇಕು. ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು: ಒಬ್ಬರು ಹಿಂದಿರುಗಿದರೆ ಜೊತೆಗೆ ಯಾವ ಗೈಡ್ ಇಳಿಯುತ್ತಾನೆ, ಉಳಿದವರೊಂದಿಗೆ ಯಾರು ಇರುತ್ತಾರೆ, ಮತ್ತು ಹವಾಮಾನ ಕೆಟ್ಟರೆ ಕಾಯಲು ಆರನೆಯ ದಿನ ಇದೆಯೇ. ಆರನೆಯ ದಿನ ಇಲ್ಲದ ಪ್ಯಾಕೇಜನ್ನು ಸೆಪ್ಟೆಂಬರ್‌ನಲ್ಲಿ ಬೇಕಾದರೆ ತೆಗೆದುಕೊಳ್ಳಬಹುದು, ಜೂನ್‌ನಲ್ಲಿ ಬೇಡ.