ಕಾರಿಲ್ಲದೆ ಮಲೆನಾಡಿಗೆ: ಸಾಗರವೋ, ಸಕಲೇಶಪುರವೋ?

ಬೆಂಗಳೂರಿನಿಂದ ಎರಡೂ ಊರಿಗೆ ರೈಲಿದೆ. ಇಳಿದ ಮೇಲಿನ ಕತೆಯೇ ಬೇರೆ.

ಸಕಲೇಶಪುರದಲ್ಲಿ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಗೆ ಆಟೋ ಸಾಕು. ತೊಡಕಿರುವುದು ಹೋಮ್‌ಸ್ಟೇಗಳಲ್ಲಿ: ಹೆಚ್ಚಿನವು ಕಾಫಿ ತೋಟದೊಳಗೆ, ಬಸ್ಸು ಹೋಗದ ಕಡೆ. ಬುಕ್ ಮಾಡುವಾಗಲೇ "ಸ್ಟೇಷನ್ನಿಗೆ ಜೀಪು ಕಳಿಸ್ತೀರಾ?" ಎಂದು ಕೇಳಿ. ಇಲ್ಲವೆಂದರೆ ಬಿಟ್ಟುಬಿಡಿ.

ಸಾಗರಕ್ಕಾದರೆ ತಾಳಗುಪ್ಪದ ರಾತ್ರಿ ರೈಲು ಹತ್ತಿ, ಬೆಳಗ್ಗೆ ಸಾಗರ ಜಂಬಗಾರಿನಲ್ಲಿ ಇಳಿಯಿರಿ. ಪೇಟೆಯ ಲಾಡ್ಜಿನಲ್ಲಿ ಚೀಲ ಇಟ್ಟು, ಸ್ನಾನ ಮುಗಿಸಿ ಹೊರಟರೆ ಇಕ್ಕೇರಿ ಸುಮಾರು 6 ಕಿ.ಮೀ. ಅಲ್ಲಿನ ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿ ಮಂಟಪದ ತಣ್ಣನೆ ಕಲ್ಲಿನ ಮೇಲೆ ಕೂತರೆ ಏಳಲು ಮನಸ್ಸಾಗದು. ಜೋಗಕ್ಕೂ ಬಸ್ಸುಂಟು. ನಾನಂತೂ ಸಾಗರವನ್ನೇ ಆರಿಸುತ್ತೇನೆ.

ಕಿಟಕಿಯ ಹಸಿರಷ್ಟೇ ಸಾಕೆನ್ನುವವರು ಸಕಲೇಶಪುರದಲ್ಲಿ ಇಳಿಯಲೇಬೇಡಿ; ಸುಬ್ರಹ್ಮಣ್ಯದವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಹಗಲಿನ ರೈಲೇ ಆಗಬೇಕು, ಅಷ್ಟೇ.