ದುಬೈಯಿಂದ ಅವ್ವನ ಜೊತೆ ಮಾತು: ವಾಟ್ಸಾಪ್ ವಾಯ್ಸ್ ಮೆಸೇಜ್ ಬಗ್ಗೆ ನನ್ನ ಅಭಿಪ್ರಾಯ

ಪರದೇಶದಲ್ಲಿದ್ದಾಗ ಮನೆಯವರ ಜೊತೆ ಕಡಿಮೆ ಖರ್ಚಿನಲ್ಲಿ ಮಾತಾಡಲು ಏನು ಬಳಸಬೇಕು ಅಂತ ಯಾರಾದರೂ ಕೇಳಿದರೆ, ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. 2013ರಿಂದ ಇರುವ ಸೌಲಭ್ಯ, ಹೊಸದೇನಲ್ಲ. ಆದರೆ ಇದರ ನಿಜವಾದ ಬೆಲೆ ಗೊತ್ತಾಗುವುದು ಕಾಲ್ ಹತ್ತದ ಊರಿಗೆ ಹೋದಾಗ.

ನಮ್ಮದು ವಿಜಯಪುರ. ಒಣದ್ರಾಕ್ಷಿ ವ್ಯಾಪಾರ, ತಿಕೋಟಾ ಕಡೆ ಶೆಡ್ ಇದೆ. ಸ್ಯಾಂಪಲ್ ಹಿಡಿದುಕೊಂಡು ದುಬೈನ ದೇರಾ ಮಾರ್ಕೆಟ್ಟಿಗೆ ಆಗಾಗ ಹೋಗುತ್ತೇನೆ. ಅಲ್ಲಿ ಇಂಟರ್‌ನೆಟ್ ಮೇಲೆ ಕಾಲ್ ಮಾಡಿಸುವ ಆ್ಯಪ್‌ಗಳಿಗೆ ಸರ್ಕಾರದ ಟೆಲಿಕಾಂ ಪ್ರಾಧಿಕಾರದ ಒಪ್ಪಿಗೆ ಬೇಕು. ನಾನು ಹೋದಾಗೆಲ್ಲ ವಾಟ್ಸಾಪ್ ಕಾಲ್ ಆಗಲಿ ವಿಡಿಯೋ ಕಾಲ್ ಆಗಲಿ ಹತ್ತಿಲ್ಲ. ಮೆಸೇಜು, ಫೋಟೊ, ವಾಯ್ಸ್ ಮೆಸೇಜು ಮಾತ್ರ ಸಲೀಸಾಗಿ ಹೋಗುತ್ತವೆ. ವಿಪಿಎನ್, ಅಂದರೆ ನಾವು ಎಲ್ಲಿಂದ ನೆಟ್ ಬಳಸುತ್ತಿದ್ದೇವೆ ಅನ್ನುವುದನ್ನು ಮರೆಮಾಚುವ ಆ್ಯಪ್, ಹಾಕಿಕೊಂಡರೆ ಆಯ್ತಲ್ಲ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಅಲ್ಲಿ ಕಾನೂನು ಮೀರಲು ವಿಪಿಎನ್ ಬಳಸಿದರೆ ದಂಡ 5 ಲಕ್ಷ ದಿರ್ಹಾಮ್‌ನಿಂದ ಶುರು.

ಅವ್ವನಿಗೆ ಓದಲು ಬರುವುದಿಲ್ಲ. ಟೈಪ್ ಮಾಡಿ ಕಳಿಸಿದರೆ ಯಾರಾದರೂ ಓದಿ ಹೇಳಬೇಕು. ಸ್ವಂತ ಮಗನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಯಾವ ತಾಯಿಗೆ ಸೇರುತ್ತದೆ? ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡುವುದನ್ನು ಮಗಳು ಅವಳಿಗೆ ಕಲಿಸಿದಳು. ಮೊದಮೊದಲು ಹೆಬ್ಬೆರಳು ಸ್ವಲ್ಪ ಸಡಿಲಾದರೂ ಸಾಕು, ಅರ್ಧ ಮಾತೇ ಬಂದುಬಿಡುತ್ತಿತ್ತು. ಆಮೇಲೆ ಮೈಕನ್ನು ಒತ್ತಿ ಮೇಲಕ್ಕೆ ಸರಿಸುವುದನ್ನು ತೋರಿಸಿದೆವು. ಬೀಗದ ಗುರುತಿನ ತನಕ ಸರಿಸಿದರೆ ಬೆರಳು ತೆಗೆದರೂ ರೆಕಾರ್ಡ್ ಆಗುತ್ತಲೇ ಇರುತ್ತದೆ. ಈಗ ಅವ್ವ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ರೊಟ್ಟಿ ಬಡಿಯುತ್ತಾ ಮಾತಾಡುತ್ತಾಳೆ. "ಊಟಾ ಆತೇನಪ್ಪಾ? ಅಲ್ಲಿ ರೊಟ್ಟಿ ಸಿಗತಾವೇನು? ಬಿಸಲಾಗ ಭಾಳ ತಿರಗಬ್ಯಾಡ." ಹಿಂದೆ ಪಟಪಟ ಅಂತ ಕೈ ಸಪ್ಪಳ. ದೇರಾದ ಅಂಗಡಿ ಮುಂದೆ ನಿಂತು ಅದನ್ನು ಕೇಳಿದರೆ ದಿನದ ದಣಿವೆಲ್ಲ ಇಳಿಯುತ್ತದೆ.

ಇನ್ನೊಂದು ಅನುಕೂಲ ಇದೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ನಾನು ವ್ಯಾಪಾರ ಮುಗಿಸಿ ರೂಮಿಗೆ ಬಂದಾಗ ರಾತ್ರಿ ಹತ್ತು, ಅವ್ವ ಮಲಗಿ ಎಷ್ಟೋ ಹೊತ್ತಾಗಿರುತ್ತದೆ. ಕಾಲ್ ಆದರೆ ಎಬ್ಬಿಸಬೇಕಾಗುತ್ತದೆ. ವಾಯ್ಸ್ ಮೆಸೇಜ್ ಆದರೆ ಬೆಳಗಿನ ತನಕ ಕಾಯುತ್ತದೆ. ಅವಳು ಕೇಳಿದ ಕೂಡಲೇ ನನ್ನ ಫೋನಿನಲ್ಲಿ ಮೈಕಿನ ಗುರುತು ನೀಲಿಯಾಗುತ್ತದೆ. ಅವಳ ಫೋನಿನಲ್ಲಿ ನೀಲಿ ಟಿಕ್ ಆಫ್ ಮಾಡಿದ್ದಾರೆ, ಆದರೂ ಈ ಮೈಕ್ ನೀಲಿಯಾಗುವುದು ನಿಲ್ಲುವುದಿಲ್ಲ. ಎದ್ದಿದ್ದಾಳೆ, ಆರಾಮಾಗಿದ್ದಾಳೆ ಅಂತ ನನಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಖರ್ಚಿನ ಮಾತು. ಮಾತಿಗೆ ಬೇಕಾಗುವ ಡೇಟಾ ತುಂಬಾ ಕಡಿಮೆ, ಹೋಟೆಲಿನ ವೈಫೈಯೇ ಜಾಸ್ತಿ. ಹೊರಗೆ ಓಡಾಡುವಾಗ ಬೇಕಾದರೆ ಪಾಸ್‌ಪೋರ್ಟ್ ತೋರಿಸಿ ಅಲ್ಲಿನ ಸಿಮ್ ತಗೊಂಡು ಎರಡನೇ ಸ್ಲಾಟಿಗೆ ಹಾಕಿ. ನಮ್ಮ ಸಿಮ್ ಫೋನಿನಲ್ಲೇ ಇರಲಿ, ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಬ್ಯಾಂಕಿನ ಓಟಿಪಿ ಅದಕ್ಕೇ ಬರಬೇಕಲ್ವಾ? ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ನಂಬರ್ ಬದಲಿಸಬೇಕಾ ಅಂತ ಕೇಳಿದರೆ ಬೇಡ ಅನ್ನಿ, ಹಳೇ ನಂಬರಿನಲ್ಲೇ ಎಲ್ಲ ನಡೆಯುತ್ತದೆ. ಹಾಗೆಯೇ ಸೆಟ್ಟಿಂಗ್ಸ್‌ನಲ್ಲಿ ಫೋಟೊ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಬಳಗದ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳೇ ಅರ್ಧ ಪ್ಯಾಕ್ ತಿಂದುಬಿಡುತ್ತವೆ.

ಕೊರತೆ ಇಲ್ಲ ಅಂತಲ್ಲ. ವಾಯ್ಸ್ ಮೆಸೇಜಿನಲ್ಲಿ ಹೇಳಿದ ರೇಟು, ತಾರೀಖು ಆಮೇಲೆ ಹುಡುಕಬೇಕಾದರೆ ಒಂದೊಂದನ್ನೇ ಮತ್ತೆ ಕೇಳಬೇಕು. ಶೆಡ್ಡಿನ ಹುಡುಗ ನಾಲ್ಕು ನಿಮಿಷ ಊರ ಸುದ್ದಿ ಹೇಳಿ, ಕೊನೆಗೆ "ಮಾಲು ತಿರುವಿ ಹಾಕೀವ್ರಿ" ಅನ್ನುತ್ತಾನೆ. ಅಂಥವನ್ನು ಎರಡು ಪಟ್ಟು ವೇಗದಲ್ಲಿ ಕೇಳಬಹುದು, ಅದೊಂದು ಪುಣ್ಯ. ಲೆಕ್ಕದ ವಿಷಯ ಮಾತ್ರ ಟೈಪ್ ಮಾಡಿಯೇ ಕಳಿಸಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.

ದೊಡ್ಡ ಕೊರತೆ ಅಂದರೆ ತುರ್ತಿನದು. ಮಾರ್ಚ್ ತಿಂಗಳಲ್ಲಿ ಮೋಡ ಕಟ್ಟಿದರೆ ನಮಗೆ ಜೀವವೇ ಹೋದ ಹಾಗೆ. ಒಣಗಲು ಹಾಕಿದ ಮಾಲಿಗೆ ಒಂದು ಮಳೆ ಬಿದ್ದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ರೇಟು ಹೋಗುತ್ತದೆ. ಆಗ ಮೆಸೇಜ್ ಕೇಳಿ ಉತ್ತರ ಕೊಡುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಅದಕ್ಕೆ ಮಗಳ ಫೋನಿನಲ್ಲೂ ನನ್ನ ಫೋನಿನಲ್ಲೂ ಬೋಟಿಮ್ ಹಾಕಿದ್ದೇವೆ. ಅಲ್ಲಿ ಒಪ್ಪಿಗೆ ಇರುವ ಕಾಲ್ ಆ್ಯಪ್ ಅದು, ಎರಡೂ ಕಡೆ ಇರಬೇಕು ಅಷ್ಟೇ. ಸೀಸನ್‌ನಲ್ಲಿ ಹೋಗುವುದಾದರೆ ನಮ್ಮ ಸಿಮ್‌ಗೆ ಚಿಕ್ಕದೊಂದು ರೋಮಿಂಗ್ ಪ್ಯಾಕ್ ಕೂಡ ಹಾಕಿಸುತ್ತೇನೆ.

ಹೊರಡುವ ಮುಂಚೆ ಒಂದು ವಾರ ಮನೆಯಲ್ಲೇ ರೂಢಿ ಮಾಡಿಸಿ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕಳಿಸಿಸಿ, ಬಂದದ್ದನ್ನು ಕಿವಿಗೆ ಹಿಡಿದು ಕೇಳುವುದನ್ನೂ ತೋರಿಸಿ. ಹಾಗೆ ಹಿಡಿದರೆ ಸ್ಪೀಕರ್ ಬಿಟ್ಟು ಕಿವಿಗಷ್ಟೇ ಕೇಳುತ್ತದೆ, ಮನೆಯ ಮಾತು ಓಣಿಗೆಲ್ಲ ಹೋಗುವುದಿಲ್ಲ.