ರಾಥ್ ಖಾತೆಗೆ ಮೂರು ದಾರಿ: ಹತ್ತು ವರ್ಷ ನಡೆದು ನೋಡಿದ ಮೇಲೆ ಒಂದು ಹೋಲಿಕೆ

2024ರ ಫೆಬ್ರುವರಿಯಲ್ಲಿ ನಾನೂ ನನ್ನ ಹೆಂಡತಿಯೂ ಒಂದೇ ದಿನ ತಲಾ 7,000 ಡಾಲರ್ ಹಣವನ್ನು ನಮ್ಮ ನಮ್ಮ ಹೆಸರಿನ, ಅಮೆರಿಕದ ವೈಯಕ್ತಿಕ ನಿವೃತ್ತಿ ಖಾತೆಗಳಾದ ಸಾಂಪ್ರದಾಯಿಕ ಐಆರ್‌ಎ ಖಾತೆಗಳಿಗೆ ಹಾಕಿ, ಮರುವಾರ ಅದನ್ನು ರಾಥ್ ಐಆರ್‌ಎಗೆ ಪರಿವರ್ತಿಸಿದೆವು. ಮರುವರ್ಷ ತೆರಿಗೆ ಲೆಕ್ಕ ಸಲ್ಲಿಸುವಾಗ ಅವಳ ಪರಿವರ್ತನೆಗೆ ಒಂದು ಡಾಲರ್ ತೆರಿಗೆಯೂ ಬೀಳಲಿಲ್ಲ. ನನ್ನ 7,000ದಲ್ಲಾದರೋ 6,020 ಡಾಲರ್ ಆದಾಯವೆಂದು ಎಣಿಕೆಯಾಗಿ, ಫೆಡರಲ್ ಸರ್ಕಾರದ ಶೇ. 24 ಮತ್ತು ಕ್ಯಾಲಿಫೋರ್ನಿಯದ ಶೇ. 9.3 ಸೇರಿ ಸುಮಾರು 2,005 ಡಾಲರ್ ತೆರಿಗೆ ಕಟ್ಟಬೇಕಾಯಿತು. ಇಬ್ಬರೂ ಮಾಡಿದ್ದು ಒಂದೇ ಕೆಲಸ, ತುಂಬಿದ್ದು ಒಂದೇ ಬಗೆಯ ಅರ್ಜಿ. ಫಲ ಮಾತ್ರ ಹೀಗೆ ಬೇರೆಯಾಯಿತು. ಹೆಚ್ಚು ಸಂಬಳದ ಉದ್ಯೋಗಿಗೆ ರಾಥ್ ಖಾತೆ ತಲುಪಲು ಇರುವ ದಾರಿಗಳನ್ನು ಹೋಲಿಸಿ ಬರೆಯಬೇಕೆಂದು ನನಗೆ ಅನ್ನಿಸಿದ್ದು ಈ ವ್ಯತ್ಯಾಸದಿಂದಲೇ.

ಮೊದಲು ರಾಥ್ ಎಂದರೇನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಡೆಲವೇರ್ ರಾಜ್ಯದ ಸೆನೆಟರ್ ವಿಲಿಯಂ ರಾಥ್ ಅವರ ಹೆಸರು ಹೊತ್ತ ಈ ಖಾತೆ 1997ರ ಕಾನೂನಿನಿಂದ ಹುಟ್ಟಿತು. ಸಾಂಪ್ರದಾಯಿಕ ಖಾತೆಯಲ್ಲಿ ಹಾಕುವಾಗ ತೆರಿಗೆ ಉಳಿಯುತ್ತದೆ, ತೆಗೆಯುವಾಗ ಕಟ್ಟಬೇಕಾಗುತ್ತದೆ. ರಾಥ್‌ನಲ್ಲಿ ತೆರಿಗೆ ಕಟ್ಟಿದ ಹಣವನ್ನೇ ಹಾಕುತ್ತೇವೆ, 59½ ವಯಸ್ಸು ದಾಟಿ ಖಾತೆಗೆ ಐದು ವರ್ಷ ತುಂಬಿದ ಮೇಲೆ ಬೆಳೆದ ಹಣವೂ ತೆರಿಗೆಯಿಲ್ಲದೆ ಕೈಗೆ ಬರುತ್ತದೆ. ಆದರೆ ರಾಥ್ ಐಆರ್‌ಎಗೆ ನೇರವಾಗಿ ಹಣ ಹಾಕಲು ಆದಾಯದ ಮಿತಿ ಇದೆ. 2025ರಲ್ಲಿ ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಗೆ 2,36,000 ಡಾಲರ್‌ನಿಂದ ಹಾಕಬಹುದಾದ ಮೊತ್ತ ಇಳಿಯುತ್ತಾ ಹೋಗಿ 2,46,000ಕ್ಕೆ ಪೂರ್ತಿ ನಿಲ್ಲುತ್ತಿತ್ತು. ಒಂಟಿಯಾಗಿ ಸಲ್ಲಿಸುವವರಿಗೆ ಈ ಅಂಕಿಗಳು 1,50,000 ಮತ್ತು 1,65,000 ಆಗಿದ್ದವು. ಮಿತಿ ಮೀರಿಯೂ ನೇರವಾಗಿ ಹಾಕಿದರೆ, ಆ ಹಣ ಒಳಗಿರುವಷ್ಟು ವರ್ಷವೂ ವರ್ಷಕ್ಕೆ ಶೇ. 6ರ ದಂಡ ತಪ್ಪದು. ಹಾಗಾಗಿ ಮುಂಬಾಗಿಲು ಮುಚ್ಚಿದವರಿಗೆ ಉಳಿಯುವ ದಾರಿಗಳು ಮೂರು: ಕಂಪನಿಯ ನಿವೃತ್ತಿ ಉಳಿತಾಯ ಯೋಜನೆಯಾದ 401ಕೆಯ ರಾಥ್ ರೂಪ (ರಾಥ್ 401ಕೆ), ಸಾಂಪ್ರದಾಯಿಕ ಐಆರ್‌ಎಗೆ ಹಾಕಿ ಪರಿವರ್ತಿಸುವ ಬ್ಯಾಕ್‌ಡೋರ್ ರಾಥ್ ಮತ್ತು 401ಕೆಗೆ ತೆರಿಗೆ ಕಟ್ಟಿದ ಹಣವನ್ನು ಹೆಚ್ಚುವರಿಯಾಗಿ ಹಾಕಿ ಪರಿವರ್ತಿಸುವ ಮೆಗಾ ಬ್ಯಾಕ್‌ಡೋರ್ ರಾಥ್. ಈ ಮೂರನ್ನೂ ನಾನು ಸ್ವಂತ ಹಣದಲ್ಲಿ ಮಾಡಿ ನೋಡಿದ್ದೇನೆ.

ರಾಥ್ 401ಕೆಗೆ ಆದಾಯದ ಮಿತಿಯೇ ಇಲ್ಲ. 2015ರಿಂದ ಮೂರು ವರ್ಷ ಆಸ್ಟಿನ್‌ನಲ್ಲಿ ಕೆಲಸ ಮಾಡುವಾಗ ವರ್ಷಕ್ಕೆ 18,000 ಡಾಲರ್‌ನಂತೆ ಇಡೀ ಮೊತ್ತವನ್ನು ಅದಕ್ಕೇ ಹಾಕಿದೆ. ಆಗ ನನ್ನದು ಶೇ. 25ರ ಫೆಡರಲ್ ಹಂತ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಸಂಬಳ ಮುಂದೆ ಏರುವುದು ಖಚಿತವೆನಿಸಿದ್ದರಿಂದ ತೆರಿಗೆಯನ್ನು ಅಲ್ಲೇ ಕಟ್ಟಿ ಮುಗಿಸಿದ್ದು ಇಂದಿಗೂ ಸರಿಯಾದ ನಿರ್ಧಾರವೆಂದೇ ನನಗೆ ತೋರುತ್ತದೆ. ಸ್ಯಾನ್ ಹೋಸೆಗೆ ಬಂದ ಮೇಲೆ ಲೆಕ್ಕ ತಿರುಗಿತು. ವಿಚಿತ್ರವೆಂದರೆ, ಸಂಬಳ ಏರಿದರೂ ಮದುವೆಯಾಗಿ ಜಂಟಿಯಾಗಿ ಸಲ್ಲಿಸುವ ಕಾರಣಕ್ಕೆ ಮತ್ತು 2018ರಿಂದ ದರಗಳು ಬದಲಾದ ಕಾರಣಕ್ಕೆ ನನ್ನ ಫೆಡರಲ್ ದರ ಶೇ. 24ರಲ್ಲೇ ನಿಂತಿತು. ಬದಲಾದದ್ದು ಕ್ಯಾಲಿಫೋರ್ನಿಯದ ಶೇ. 9.3 ಒಂದೇ. ಆ ಒಂದು ಅಂಕಿಯೇ ನನ್ನನ್ನು ಸಾಂಪ್ರದಾಯಿಕ 401ಕೆ ಕಡೆಗೆ ತಳ್ಳಿತು. 2025ರ ಮಿತಿಯಾದ 23,500 ಡಾಲರ್ ಅನ್ನು ಸಾಂಪ್ರದಾಯಿಕವಾಗಿ ಹಾಕಿದರೆ ಶೇ. 33.3ರ ಲೆಕ್ಕದಲ್ಲಿ ಸುಮಾರು 7,825 ಡಾಲರ್ ತೆರಿಗೆ ಆ ವರ್ಷವೇ ಉಳಿಯುತ್ತಿತ್ತು. ನಿವೃತ್ತಿಯ ನಂತರ ನಾವು ಕ್ಯಾಲಿಫೋರ್ನಿಯದಲ್ಲಿ ಇರುವುದಿಲ್ಲವೆಂಬುದು ನಿಶ್ಚಯವಾಗಿರುವಾಗ ಈ ರಾಜ್ಯದ ತೆರಿಗೆಯನ್ನು ಇಂದೇ ನಾನಾಗಿ ಕಟ್ಟಲು ನನಗೆ ಕಾರಣ ಕಾಣಲಿಲ್ಲ.

ಇದಕ್ಕೆ ಎದುರಾಗಿ ಒಂದು ಬಲವಾದ ವಾದವಿದೆ, ಅದನ್ನು ಮರೆಮಾಚಬಾರದು. ಮಿತಿಯ ಅಂಕಿ ಎರಡಕ್ಕೂ ಒಂದೇ ಆದರೂ ರಾಥ್‌ನೊಳಗಿನ 23,500 ಡಾಲರ್ ಪೂರ್ತಿ ನಮ್ಮದು. ಸಾಂಪ್ರದಾಯಿಕ ಖಾತೆಯ 23,500ದಲ್ಲಿ ಸರ್ಕಾರಕ್ಕೂ ಪಾಲಿದೆ. ಮಿತಿ ಮುಟ್ಟುವವರೆಗೆ ಉಳಿತಾಯ ಮಾಡುವವರಿಗೆ ರಾಥ್ ನಿಜವಾಗಿಯೂ ದೊಡ್ಡ ಪಾತ್ರೆ. ಸಾಂಪ್ರದಾಯಿಕ ದಾರಿಯಲ್ಲಿ ಉಳಿದ 7,825 ಡಾಲರ್ ಸಾಮಾನ್ಯ ಹೂಡಿಕೆ ಖಾತೆಗೆ ಹೋಗಿ ವರ್ಷವರ್ಷವೂ ಲಾಭಾಂಶದ ಮೇಲೆ ತೆರಿಗೆ ಕಟ್ಟುವುದಾದರೆ ಈ ವಾದಕ್ಕೆ ಉತ್ತರವಿಲ್ಲ. ಆ ಉಳಿದ ಹಣವನ್ನೇ ಮೆಗಾ ಬ್ಯಾಕ್‌ಡೋರ್ ಮೂಲಕ ರಾಥ್‌ಗೆ ಸೇರಿಸಲು ಸಾಧ್ಯವಿದ್ದರೆ ಮಾತ್ರ ಸಾಂಪ್ರದಾಯಿಕ 401ಕೆಯೇ ಮೇಲು. ಸಾಂಪ್ರದಾಯಿಕವೋ ರಾಥೋ ಎಂದು ಊಟದ ವಿರಾಮದಲ್ಲಿ ಸ್ನೇಹಿತರು ವಾದಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ, ಅವರ ಕಂಪನಿಯ ಯೋಜನೆಯಲ್ಲಿ ಮೆಗಾ ಬ್ಯಾಕ್‌ಡೋರ್‌ಗೆ ಅವಕಾಶವಿದೆಯೇ ಎಂಬುದು. ಅದಕ್ಕೆ ಉತ್ತರ ಸಿಕ್ಕದೆ ಮೊದಲಿನ ಪ್ರಶ್ನೆಗೆ ಉತ್ತರ ಹೇಳುವುದು ಸಾಧ್ಯವೇ ಇಲ್ಲ.

ಈಗ ಬ್ಯಾಕ್‌ಡೋರ್. ಸಾಂಪ್ರದಾಯಿಕ ಐಆರ್‌ಎಗೆ ತೆರಿಗೆ ವಿನಾಯಿತಿ ಪಡೆಯದೆ ಹಣ ಹಾಕಲು ಯಾವ ಆದಾಯ ಮಿತಿಯೂ ಇಲ್ಲ. ಅದನ್ನು ರಾಥ್‌ಗೆ ಪರಿವರ್ತಿಸಲು ಇದ್ದ 1,00,000 ಡಾಲರ್ ಆದಾಯದ ಮಿತಿ 2010ರಿಂದ ಇಲ್ಲವಾಯಿತು. ಈ ಎರಡು ಹೆಜ್ಜೆಗಳನ್ನು ಒಂದರ ಹಿಂದೆ ಒಂದು ಇಟ್ಟರೆ ಅದೇ ಹಿತ್ತಿಲ ಬಾಗಿಲು. 2021ರಲ್ಲಿ ಇದನ್ನೂ ಮೆಗಾ ದಾರಿಯನ್ನೂ ಮುಚ್ಚುವ ಮಸೂದೆ ಕೆಳಮನೆಯಲ್ಲಿ ಅಂಗೀಕಾರವಾಗಿ ಸೆನೆಟ್‌ನಲ್ಲಿ ನಿಂತುಹೋಯಿತು. ನಮ್ಮ ಜಂಟಿ ಆದಾಯ 2023ರವರೆಗೆ ಮಿತಿಯೊಳಗೇ ಇದ್ದುದರಿಂದ ಮುಂಬಾಗಿಲಿನಿಂದಲೇ ಹಾಕುತ್ತಿದ್ದೆವು. 2024ರಲ್ಲಿ ಮೊದಲ ಬಾರಿಗೆ ಹಿತ್ತಿಲಿನ ಅಗತ್ಯ ಬಿತ್ತು.

ನಾನು ಎಡವಿದ್ದು ಹಳೆಯ ಒಂದು ಖಾತೆಯನ್ನು ಮರೆತು. ಆಸ್ಟಿನ್‌ನಲ್ಲಿ ನಾನು ಹಾಕಿದ್ದೆಲ್ಲ ರಾಥ್ ಆದರೂ ಕಂಪನಿ ಸೇರಿಸುತ್ತಿದ್ದ ಪಾಲು ತೆರಿಗೆಪೂರ್ವ ಹಣವಾಗಿತ್ತು. ಕೆಲಸ ಬಿಟ್ಟಾಗ ರಾಥ್ ಭಾಗ ರಾಥ್ ಐಆರ್‌ಎಗೂ ಕಂಪನಿಯ ಪಾಲು ರೋಲ್‌ಓವರ್ ಐಆರ್‌ಎ ಎಂಬ ಸಾಂಪ್ರದಾಯಿಕ ಐಆರ್‌ಎಗೂ ಹೋಗಿದ್ದವು. ಆ ಎರಡನೆಯದು 2024ರ ಡಿಸೆಂಬರ್ 31ಕ್ಕೆ 43,000 ಡಾಲರ್ ಆಗಿ ಬೆಳೆದಿತ್ತು. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ನಿಯಮದಂತೆ ಒಬ್ಬ ವ್ಯಕ್ತಿಯ ಎಲ್ಲ ಸಾಂಪ್ರದಾಯಿಕ ಐಆರ್‌ಎಗಳನ್ನೂ ಒಂದೇ ಖಾತೆಯೆಂದು ಭಾವಿಸಿ, ಪರಿವರ್ತಿಸಿದ ಹಣದಲ್ಲಿ ತೆರಿಗೆಪೂರ್ವ ಮತ್ತು ತೆರಿಗೆ ಕಟ್ಟಿದ ಎರಡೂ ಬಗೆಯ ಹಣವೂ ಪ್ರಮಾಣಾನುಸಾರ ಬೆರೆತಿದೆಯೆಂದು ಎಣಿಸಲಾಗುತ್ತದೆ. ಹಾಲಿಗೆ ನೀರು ಬೆರೆಸಿದ ಮೇಲೆ ಹಾಲನ್ನಷ್ಟೇ ಬಗ್ಗಿಸಿಕೊಳ್ಳಲು ಬರುವುದಿಲ್ಲವಲ್ಲ, ಹಾಗೆ. ಐಆರ್‌ಎಯಲ್ಲಿರುವ ತೆರಿಗೆ ಕಟ್ಟಿದ ಹಣದ ಲೆಕ್ಕ ಕೊಡುವ ಫಾರ್ಮ್ 8606ರ ಒಂದನೆಯ ಸಾಲಿನಲ್ಲಿ 7,000, ಆರನೆಯ ಸಾಲಿನಲ್ಲಿ ವರ್ಷಾಂತ್ಯದ 43,000, ಎಂಟನೆಯದರಲ್ಲಿ ಪರಿವರ್ತಿಸಿದ 7,000 ಬರೆದಾಗ ಹತ್ತನೆಯ ಸಾಲಿನಲ್ಲಿ 0.140 ಎಂದು ಬಂತು. ಅಂದರೆ ಏಳು ಸಾವಿರದಲ್ಲಿ ಕೇವಲ 980 ಡಾಲರ್ ತೆರಿಗೆಮುಕ್ತ. ಐಆರ್‌ಎ ಎಂಬುದು ಒಬ್ಬೊಬ್ಬರದೇ ಖಾತೆಯಾದ್ದರಿಂದ ನನ್ನ ಹಳೆಯ ಹಣದ ನೆರಳು ನನ್ನ ಹೆಂಡತಿಯ ಫಾರ್ಮ್‌ನ ಮೇಲೆ ಬೀಳಲಿಲ್ಲ. ಉದ್ಯೋಗ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿದ್ದು ಸ್ವಂತ ಸಂಬಳವಿಲ್ಲದಿದ್ದರೂ, ಜಂಟಿಯಾಗಿ ಸಲ್ಲಿಸುವ ಕಾರಣಕ್ಕೆ ನನ್ನ ಸಂಬಳದ ಆಧಾರದ ಮೇಲೆ ಅವಳು ತನ್ನದೇ ಹೆಸರಿನಲ್ಲಿ ಐಆರ್‌ಎಗೆ ಹಣ ಹಾಕಲು ಅರ್ಹಳು. ಎಚ್-4ನಲ್ಲಿರುವ ನಮ್ಮ ಅನೇಕ ಹೆಣ್ಣುಮಕ್ಕಳಿಗೆ ಈ ಹಕ್ಕಿನ ಅರಿವೇ ಇಲ್ಲವೆಂಬುದು ನನ್ನನ್ನು ಕಾಡುತ್ತದೆ.

ಕಟ್ಟಿದ ತೆರಿಗೆ ಪೂರ್ತಿ ವ್ಯರ್ಥವಾಗಲಿಲ್ಲ. ಹದಿನಾಲ್ಕನೆಯ ಸಾಲಿನಲ್ಲಿ 6,020 ಡಾಲರ್ ನನ್ನ ತೆರಿಗೆ ಕಟ್ಟಿದ ಮೂಲಹಣವೆಂದು ಮುಂದಿನ ವರ್ಷಕ್ಕೆ ದಾಟಿತು. 2025ರಲ್ಲಿ ಈಗಿನ ಕಂಪನಿಯ 401ಕೆ ಹೊರಗಿನ ಐಆರ್‌ಎ ಹಣವನ್ನು ಸ್ವೀಕರಿಸುತ್ತದೆಯೇ ಎಂದು ಕೇಳಿ ತಿಳಿದುಕೊಂಡು, ತೆರಿಗೆಪೂರ್ವ ಭಾಗವನ್ನು ಅದಕ್ಕೆ ವರ್ಗಾಯಿಸಿದೆ. ನನ್ನ ಹೆಸರಿನ ಫಲಾನುಭವಕ್ಕೆಂದು ಯೋಜನೆಯ ಟ್ರಸ್ಟಿಯ ಹೆಸರಿನಲ್ಲಿ ಬರೆದ ಚೆಕ್ ಅಂಚೆಯಲ್ಲಿ ಮನೆಗೆ ಬಂತು. ಅದನ್ನು ಒಂದು ಅರ್ಜಿಯ ಜೊತೆಗೆ ನಾನೇ ಮುಂದಕ್ಕೆ ಕಳುಹಿಸಿದೆ. ಐಆರ್‌ಎಯಿಂದ 401ಕೆಗೆ ಹೋಗಬಹುದಾದದ್ದು ತೆರಿಗೆಪೂರ್ವ ಹಣ ಮಾತ್ರ. ಈ ನಿರ್ಬಂಧವೇ ಇಲ್ಲಿ ವರವಾಯಿತು: 43,000ದಲ್ಲಿ 36,980 ಮತ್ತು ನಡುವೆ ಬೆಳೆದದ್ದು ಅತ್ತ ಹೋಗಿ, 6,020 ಡಾಲರ್ ಮಾತ್ರ ಐಆರ್‌ಎಯಲ್ಲಿ ಉಳಿಯಿತು. ಅದಕ್ಕೆ ಆ ವರ್ಷದ 7,000 ಸೇರಿಸಿ 13,020 ಡಾಲರ್ ಅನ್ನು ತೆರಿಗೆಯಿಲ್ಲದೆ ರಾಥ್‌ಗೆ ಪರಿವರ್ತಿಸಿದೆ. ನಿಯಮ ನೋಡುವುದು ಪರಿವರ್ತಿಸಿದ ದಿನದ ಶಿಲ್ಕನ್ನಲ್ಲ, ಡಿಸೆಂಬರ್ 31ರ ಶಿಲ್ಕನ್ನು. ಆದ್ದರಿಂದ ವರ್ಷ ಮುಗಿಯುವುದರೊಳಗೆ ಈ ವರ್ಗಾವಣೆ ಮುಗಿದಿರಬೇಕು. ಇನ್ನೊಂದು ಎಚ್ಚರಿಕೆ: ಖಾತೆ ಇಟ್ಟ ಸಂಸ್ಥೆ ಕಳುಹಿಸುವ ಫಾರ್ಮ್ 1099-ಆರ್‌ನಲ್ಲಿ ಪರಿವರ್ತಿಸಿದ ಇಡೀ ಮೊತ್ತ ತೆರಿಗೆಯ ಅಂಕಣದಲ್ಲಿ ಕಾಣುತ್ತದೆ, ಪಕ್ಕದಲ್ಲಿ ತೆರಿಗೆಯ ಮೊತ್ತ ನಿರ್ಧರಿಸಿಲ್ಲವೆಂಬ ಚೌಕಕ್ಕೆ ಗುರುತು ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಆದರೆ 8606 ಸಲ್ಲಿಸದಿದ್ದರೆ ಮೂಲಹಣದ ದಾಖಲೆಯೇ ಇರುವುದಿಲ್ಲ, ಅದೇ ಹಣಕ್ಕೆ ಎರಡನೆಯ ಸಲ ತೆರಿಗೆ ಬೀಳುವ ಅಪಾಯವಿದೆ.

ಬ್ಯಾಕ್‌ಡೋರ್‌ನ ಅಳತೆ ಚಿಕ್ಕದು, 2025ರಲ್ಲಿ ಇಬ್ಬರಿಗೂ ಸೇರಿ 14,000 ಡಾಲರ್ ಇತ್ತು. ಮೆಗಾ ಬ್ಯಾಕ್‌ಡೋರ್ ಆ ಅಳತೆಯನ್ನೇ ಬದಲಿಸುತ್ತದೆ. 2025ರಲ್ಲಿ ಒಂದು ಕಂಪನಿಯ ಯೋಜನೆಯಲ್ಲಿ ಉದ್ಯೋಗಿಯ ಪಾಲು, ಕಂಪನಿಯ ಪಾಲು ಎಲ್ಲ ಸೇರಿ 70,000 ಡಾಲರ್ ಮೀರುವಂತಿರಲಿಲ್ಲ. ಅದರಲ್ಲಿ ನನ್ನ 23,500 ಮತ್ತು ಕಂಪನಿ ಸೇರಿಸುವ 11,750 ಕಳೆದರೆ 34,750 ಡಾಲರ್ ಜಾಗ ಉಳಿಯುತ್ತಿತ್ತು. ಯೋಜನೆ ಒಪ್ಪಿದರೆ ಈ ಜಾಗವನ್ನು ತೆರಿಗೆ ಕಟ್ಟಿದ ಸಂಬಳದಿಂದ ತುಂಬಿ ರಾಥ್‌ಗೆ ಬದಲಾಯಿಸಬಹುದು. ಊರಿನಲ್ಲಿ ಪಿಎಫ್‌ನ ಕಡ್ಡಾಯ ಪಾಲಿನ ಮೇಲೆ ಸ್ವಇಚ್ಛೆಯಿಂದ ಹೆಚ್ಚು ಹಾಕುವುದನ್ನು ಕಂಡವರಿಗೆ ಇದರ ಸ್ವರೂಪ ಬೇಗ ಹೊಳೆಯುತ್ತದೆ. ಹಣ ಹಾಕಲು ಬಿಟ್ಟರೆ ಸಾಲದು. ಯೋಜನೆಯ ಒಳಗೇ ರಾಥ್‌ಗೆ ಪರಿವರ್ತಿಸಲು ಅಥವಾ ಕೆಲಸದಲ್ಲಿರುವಾಗಲೇ ಹೊರತೆಗೆದು ರಾಥ್ ಐಆರ್‌ಎಗೆ ಸೇರಿಸಲು ಯೋಜನೆಯ ನಿಯಮಾವಳಿಯಲ್ಲಿ ಅವಕಾಶವಿರಬೇಕು. ಹೆಚ್ಚು ಸಂಬಳದವರೇ ಇದನ್ನು ಬಳಸಿದರೆ ತಾರತಮ್ಯದ ಪರೀಕ್ಷೆಯಲ್ಲಿ ಯೋಜನೆ ಸೋಲುವುದರಿಂದ ಅನೇಕ ಸಣ್ಣ ಕಂಪನಿಗಳು ಇದನ್ನು ಕೊಡುವುದಿಲ್ಲ.

ಎರಡು ಕಂಪನಿಗಳಲ್ಲಿ ಇದನ್ನು ಬಳಸಿದ್ದರಿಂದ ಎರಡು ಬಗೆಯ ಅನುಭವ ನನಗಿದೆ. ಸ್ಯಾನ್ ಹೋಸೆಯ ಮೊದಲ ಕಂಪನಿಯಲ್ಲಿ ಪರಿವರ್ತನೆಗೆ ಪ್ರತಿ ಸಲವೂ ದೂರವಾಣಿ ಕರೆ ಮಾಡಬೇಕಿತ್ತು. 2021ರಲ್ಲಿ ತಿಂಗಳಿಗೆ 500ರಂತೆ 6,000 ಡಾಲರ್ ಹಾಕಿ, ಕರೆ ಮಾಡುವುದನ್ನು ವರ್ಷಾಂತ್ಯದವರೆಗೆ ಮುಂದೂಡಿದೆ. ಅಷ್ಟರಲ್ಲಿ ಅದು 6,540 ಆಗಿ, ಬೆಳೆದ 540ಕ್ಕೆ ಸುಮಾರು 180 ಡಾಲರ್ ತೆರಿಗೆ ಬಿತ್ತು. ಈಗಿನ ಕಂಪನಿಯಲ್ಲಿ ಸಂಬಳದ ದಿನವೇ ತಾನಾಗಿ ಪರಿವರ್ತನೆಯಾಗುತ್ತದೆ, ಬೆಳೆಯಲು ಸಮಯವೇ ಇಲ್ಲ. ನಷ್ಟ ಸಣ್ಣದೇ ಆದರೂ ಮನುಷ್ಯನ ಮರೆವಿಗೆ ಎಡೆಯಿಲ್ಲದ ವ್ಯವಸ್ಥೆ ಎಷ್ಟೋ ಮೇಲು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೆಗಾ ದಾರಿಗೆ ಐಆರ್‌ಎಯ ಹಳೆಯ ಶಿಲ್ಕಿನ ಕಾಟವೂ ಇಲ್ಲ. ಇದರ ಭಾರವಿರುವುದು ಕೈಗೆ ಬರುವ ಸಂಬಳದ ಮೇಲೆ: 34,750 ಡಾಲರ್ ಅನ್ನು 26 ಸಂಬಳಗಳಿಗೆ ಹಂಚಿದರೆ ಪ್ರತಿ ಸಲ 1,336 ಡಾಲರ್ ಕಡಿಮೆ. ಬಾಡಿಗೆ ಕಟ್ಟಿ, ಮಗುವಿನ ಡೇಕೇರ್ ಕಟ್ಟಿ ಉಳಿದದ್ದರಲ್ಲಿ ಇದನ್ನು ಹೊಂದಿಸುವುದು ನಮಗೆ ಸಾಧ್ಯವಾದದ್ದು, ಕಂಪನಿ ಕೊಡುವ ಷೇರುಗಳನ್ನು ಕೈಗೆ ಬಂದ ದಿನವೇ ಮಾರಿ ಮನೆಖರ್ಚಿಗೆ ಬಳಸಿದ್ದರಿಂದ. ವರ್ಷದ ಮೊದಲ ತಿಂಗಳುಗಳಲ್ಲೇ ಜಾಗವನ್ನೆಲ್ಲ ತುಂಬಿಬಿಟ್ಟರೆ ಕಂಪನಿಯ ಪಾಲಿಗೆ ಜಾಗ ಸಾಲದೆ ಹೋಗಬಹುದಾದ್ದರಿಂದ ಶೇಕಡಾವಾರು ಅಂಕಿಯನ್ನು ನಾನು ವರ್ಷಪೂರ್ತಿಗೆ ಹರಡಿಯೇ ಇಡುತ್ತೇನೆ. ವರ್ಷದ ನಡುವೆ ಕೆಲಸ ಬದಲಿಸುವವರು ಗಮನಿಸಬೇಕಾದದ್ದು, 2025ರಲ್ಲಿ 23,500 ಇದ್ದ ಮಿತಿ ವ್ಯಕ್ತಿಗೆ ಸಂಬಂಧಿಸಿದ್ದು, 70,000 ಇದ್ದ ಮಿತಿ ಪರಸ್ಪರ ಸಂಬಂಧವಿಲ್ಲದ ಕಂಪನಿಗಳಿಗೆ ಬೇರೆಬೇರೆ.

ನಮ್ಮಂಥ ವೀಸಾದವರಿಗೆ ತೆರಿಗೆಯಷ್ಟೇ ಮುಖ್ಯವಾದದ್ದು ಹಣ ಬೇಕೆಂದಾಗ ಸಿಗುತ್ತದೆಯೇ ಎಂಬ ಪ್ರಶ್ನೆ. ಎಚ್-1ಬಿ ಉದ್ಯೋಗ ವೀಸಾದಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ಅವಕಾಶ. ರಾಥ್ ಐಆರ್‌ಎಯಿಂದ ನೇರವಾಗಿ ಹಾಕಿದ ಹಣ ಮೊದಲು ಹೊರಬರುತ್ತದೆ, ಆಮೇಲೆ ಪರಿವರ್ತಿಸಿದ ಹಣ, ಕಡೆಯಲ್ಲಿ ಬೆಳವಣಿಗೆ. ಪರಿವರ್ತಿಸುವಾಗ ತೆರಿಗೆ ಬೀಳದ ಭಾಗಕ್ಕೆ ಶೇ. 10ರ ದಂಡವೂ ಇಲ್ಲ. ಅಂದರೆ ಸರಿಯಾಗಿ ಮಾಡಿದ ಬ್ಯಾಕ್‌ಡೋರ್‌ನ ಅಸಲು ಕಷ್ಟಕಾಲದಲ್ಲಿ ಕೈಗೆಟುಕುತ್ತದೆ. ರಾಥ್ 401ಕೆಯೊಳಗೆ ಈ ಅನುಕ್ರಮವಿಲ್ಲ. ಅವಧಿಗೆ ಮುನ್ನ ತೆಗೆದರೆ ಅಸಲಿನ ಜೊತೆ ಬೆಳವಣಿಗೆಯೂ ಪ್ರಮಾಣಾನುಸಾರ ಬಂದು ತೆರಿಗೆಗೆ ಒಳಗಾಗುತ್ತದೆ. ಕೆಲಸ ಬಿಟ್ಟ ಮೇಲೆ ಅದನ್ನು ರಾಥ್ ಐಆರ್‌ಎಗೆ ಸಾಗಿಸಿದರೆ ಈ ತೊಡಕು ಬಿಡಿಸಿಕೊಳ್ಳುತ್ತದೆ.

ಮೈಸೂರಿಗೆ ಮರಳುವ ಯೋಚನೆ ನಮಗೆ ಗಂಭೀರವಾಗಿಯೇ ಇರುವುದರಿಂದ ಭಾರತದ ತೆರಿಗೆಯನ್ನೂ ಈ ಹೋಲಿಕೆಯಲ್ಲಿ ಇಡಲೇಬೇಕು. 1961ರ ಆದಾಯ ತೆರಿಗೆ ಕಾಯ್ದೆಗೆ 2021ರಲ್ಲಿ ಸೇರಿದ 89ಎ ಕಲಮು, ಅಮೆರಿಕ, ಬ್ರಿಟನ್ ಮತ್ತು ಕೆನಡಾದ ನಿವೃತ್ತಿ ಖಾತೆಗಳಲ್ಲಿ ವರ್ಷವರ್ಷವೂ ಬೆಳೆಯುವ ಹಣಕ್ಕೆ ಆಗಾಗಲೇ ತೆರಿಗೆ ಹಾಕದೆ, ಆ ದೇಶದಲ್ಲಿ ಹಣ ತೆಗೆಯುವಾಗ ತೆರಿಗೆ ಬೀಳುವ ವರ್ಷಕ್ಕೆ ಮುಂದೂಡಲು ಅನುವು ಮಾಡಿತು. ಸಾಂಪ್ರದಾಯಿಕ 401ಕೆಗೆ ಇದು ಅಳತೆ ಕೊಟ್ಟು ಹೊಲಿಸಿದಂತೆ ಹೊಂದುತ್ತದೆ. ತೆಗೆಯುವಾಗ ಅಮೆರಿಕದಲ್ಲಿ ತೆರಿಗೆಯೇ ಬೀಳದ ರಾಥ್‌ಗೆ ಅದೇ ಮಾತುಗಳು ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಊರಿಗೆ ಮರಳುವವರು ಎಲ್ಲ ಹಣವನ್ನೂ ರಾಥ್‌ಗೇ ಸುರಿಯಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನಮ್ಮ ಮನೆಯಲ್ಲಿ ಸಂಬಳದ ಮೊದಲ ಪಾಲು ಸಾಂಪ್ರದಾಯಿಕ 401ಕೆಗೆ ಹೋಗುವುದನ್ನು ನಿಲ್ಲಿಸಿಲ್ಲ. ಮರಳುವ ವರ್ಷವನ್ನು ನಿಶ್ಚಯಿಸುವ ಮೊದಲು ಎರಡೂ ದೇಶದ ತೆರಿಗೆ ಬಲ್ಲ ಲೆಕ್ಕಪರಿಶೋಧಕರ ಮುಂದೆ ಕೂರಬೇಕೆಂದು ನಿರ್ಧರಿಸಿದ್ದೇವೆ. ಅವರ ಮುಂದೆ ಇಡಲೆಂದು ನಮ್ಮಿಬ್ಬರ ಪ್ರತಿ ವರ್ಷದ 8606 ಮತ್ತು 1099-ಆರ್ ಪ್ರತಿಗಳನ್ನು ಒಂದೇ ಕಡತದಲ್ಲಿ ಸೇರಿಸಿಡುತ್ತಿದ್ದೇವೆ. 2025ರ ಫಾರ್ಮ್‌ನ ಹದಿನಾಲ್ಕನೆಯ ಸಾಲಿನಲ್ಲಿ ಈಗ ಇಬ್ಬರದ್ದೂ ಸೊನ್ನೆ.